ಆಸ್ತಮಾಗೆ ಮನೆಯಲ್ಲಿ ಯಾವುದು: ಪಂಪ್ ಇನ್ಹೇಲರ್, ಪುಡಿ ಇನ್ಹೇಲರ್, ನೆಬ್ಯುಲೈಜರ್?

ಮೊದಲು ನಿಮ್ಮ ಉಸಿರಿನ ಬಲ ನೋಡಿಕೊಳ್ಳಿ. ಪಂಪ್ ಇನ್ಹೇಲರ್ ಅನ್ನು ನಿಧಾನವಾಗಿ, ಆಳವಾಗಿ ಎಳೆದು ಸುಮಾರು 10 ಸೆಕೆಂಡು ಉಸಿರು ಹಿಡಿಯಬೇಕು. ಒತ್ತುವುದೂ ಎಳೆಯುವುದೂ ಹೊಂದದಿದ್ದರೆ ಔಷಧಿ ಗಂಟಲಿಗೇ ಅಂಟುತ್ತದೆ. ಸ್ಪೇಸರ್ (ಔಷಧಿಯನ್ನು ಸ್ವಲ್ಪ ಹೊತ್ತು ಹಿಡಿದಿಡುವ ಟೊಳ್ಳು ಕೊಳವೆ) ಜೋಡಿಸಿದರೆ ಆ ತೊಂದರೆ ಬಹುಪಾಲು ತಪ್ಪುತ್ತದೆ. ಚಿಕ್ಕ ಮಕ್ಕಳಿಗೆ, ವಯಸ್ಸಾದವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಪುಡಿ ಇನ್ಹೇಲರ್‌ನಲ್ಲಿ ಒತ್ತುವ ಗೋಜಿಲ್ಲ, ಜೇಬಿಗೂ ಹಗುರ. ಆದರೆ ಬಿರುಸಾಗಿ ಎಳೆಯಬೇಕು, ತೇವ ತಾಗಬಾರದು. ಉಬ್ಬಸ ಜೋರಾದಾಗ ಆ ಬಿರುಸು ಎಲ್ಲರಿಗೂ ಬರುವುದಿಲ್ಲ.

ನೆಬ್ಯುಲೈಜರ್ ಎಂದರೆ ದ್ರವ ಔಷಧಿಯನ್ನು ಮಂಜಾಗಿಸಿ ಕೊಡುವ ಯಂತ್ರ. ಅದು ದುಬಾರಿ, ಪ್ರತಿ ಸಲ ತೊಳೆದು ಒಣಗಿಸಬೇಕು. ಇನ್ಹೇಲರ್ ಬಳಸಲಾಗದವರಿಗೆ ಅದು ಸರಿ. ಹೆಚ್ಚು ಶಕ್ತಿಯದೆಂದು ನಂಬಿ ಮಾತ್ರ ಕೊಳ್ಳಬೇಡಿ: ಸಾಧಾರಣ ಉಬ್ಬಸಕ್ಕೆ ಸ್ಪೇಸರ್ ಜೋಡಿಸಿದ ಪಂಪ್ ಅಷ್ಟೇ ಕೆಲಸ ಮಾಡುತ್ತದೆ. ಮಾತಿಗೂ ಉಸಿರು ಸಾಲದಿದ್ದರೆ ಕಾಯಬೇಡಿ, ಔಷಧಿ ಎಳೆಯುತ್ತಲೇ ಆಸ್ಪತ್ರೆಗೆ ಹೊರಡಿ.