ಪ್ರಿವ್ಯೂನಲ್ಲಿ ಸರಿಯಿದ್ದ ಕೋರ್ಸ್ ಕಲಿಯುವವರ ಶ್ರಮವನ್ನು ಅಳಿಸಿಹಾಕಿತು

ಆಥರಿಂಗ್ ತಂತ್ರಾಂಶದಲ್ಲಿ ಸಂವಾದಾತ್ಮಕ ಕೋರ್ಸ್‌ಗಳನ್ನು ಸಿದ್ಧಪಡಿಸಿ ಸ್ಕಾರ್ಮ್ 1.2 ರೂಪದಲ್ಲಿ (ಕೋರ್ಸ್ ಮತ್ತು ಎಲ್‌ಎಂಎಸ್ ಮಾಹಿತಿ ಹಂಚಿಕೊಳ್ಳಲು ಬಳಸುವ ಒಂದು ಮಾನದಂಡ) ಎಲ್‌ಎಂಎಸ್‌ಗೆ, ಅಂದರೆ ಕೋರ್ಸ್‌ಗಳನ್ನು ಒದಗಿಸಿ ಕಲಿಯುವವರ ಪ್ರಗತಿಯನ್ನು ದಾಖಲಿಸುವ ವ್ಯವಸ್ಥೆಗೆ, ಏರಿಸುವವರು, ನಾನು ಮಾಡಿದ ತಪ್ಪನ್ನು ಮಾಡಬಾರದೆಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಸುರಕ್ಷತಾ ತರಬೇತಿಯ ಆ ಕೋರ್ಸಿನಲ್ಲಿ 120 ಸ್ಲೈಡ್‌ಗಳಿದ್ದವು. ಒತ್ತಿದರೆ ತೆರೆದುಕೊಳ್ಳುವ ಲೇಯರ್‌ಗಳು, ಎಳೆದು ಜೋಡಿಸುವ ಚಟುವಟಿಕೆಗಳು, ಉತ್ತರಕ್ಕೆ ತಕ್ಕಂತೆ ಕವಲೊಡೆಯುವ ಸನ್ನಿವೇಶಗಳು ಎಲ್ಲವನ್ನೂ ಒಂದೇ ಪ್ಯಾಕೇಜಿನಲ್ಲಿ ಸೇರಿಸಿದ್ದೆ. ಪ್ರಿವ್ಯೂನಲ್ಲಿ ಒಂದು ದೋಷವೂ ಕಾಣಲಿಲ್ಲ. ಎಲ್‌ಎಂಎಸ್‌ನಲ್ಲಿ ಮೊದಲ ಹತ್ತು ಸ್ಲೈಡ್‌ಗಳನ್ನು ನೋಡಿ ಸಾಕೆಂದುಕೊಂಡೆ. ಎರಡನೆಯ ವಾರ ದೂರುಗಳು ಆರಂಭವಾದವು. ಮುಕ್ಕಾಲು ಭಾಗ ಮುಗಿಸಿ ಮರುದಿನ ತೆರೆದವರಲ್ಲಿ ಕೆಲವರು ಬಹಳ ಹಿಂದಿನ ಸ್ಲೈಡಿಗೆ ಬಂದು ನಿಂತರೆ, ಇನ್ನು ಕೆಲವರು ಮೊದಲಿನಿಂದಲೇ ಆರಂಭಿಸಬೇಕಾಯಿತು.

ನಾನು ಮೊದಲು ಬ್ರೌಸರನ್ನೂ ಆಮೇಲೆ ಎಲ್‌ಎಂಎಸ್ ನೋಡಿಕೊಳ್ಳುವವರನ್ನೂ ದೂರುತ್ತ ಹಲವು ದಿನ ಕಳೆದೆ. ಕಾರಣ ನನ್ನ ಕೋರ್ಸಿನಲ್ಲೇ ಇತ್ತು. ಕಲಿಯುವವರು ಎಲ್ಲಿ ನಿಲ್ಲಿಸಿದರು, ಯಾವ ಲೇಯರ್ ತೆರೆದರು, ಯಾವ ವೇರಿಯಬಲ್‌ನ (ಕೋರ್ಸ್ ನೆನಪಿಡುವ ಮಾಹಿತಿಯ) ಮೌಲ್ಯ ಎಷ್ಟು ಎಂಬುದನ್ನೆಲ್ಲ ತಂತ್ರಾಂಶವು ಒಂದೇ ಅಕ್ಷರಸಾಲಾಗಿ ಮಾಡಿ, ಸಸ್ಪೆಂಡ್ ಡೇಟಾ ಎಂಬ ಸ್ಥಳದಲ್ಲಿ ಉಳಿಸುವಂತೆ ಎಲ್‌ಎಂಎಸ್‌ಗೆ ಕಳಿಸುತ್ತದೆ. ಸ್ಕಾರ್ಮ್ 1.2ರಲ್ಲಿ ಆ ಸ್ಥಳಕ್ಕೆ ನಿಗದಿಯಾಗಿರುವುದು 4096 ಅಕ್ಷರಗಳು ಮಾತ್ರ. ಮಿತಿ ಮೀರಿದರೆ ಕೆಲವು ಎಲ್‌ಎಂಎಸ್‌ಗಳು ಹೊಸದನ್ನು ತಿರಸ್ಕರಿಸಿ ಹಳೆಯದನ್ನೇ ಇಟ್ಟುಕೊಳ್ಳುತ್ತವೆ, ಕೆಲವು ಸಾಲಿನ ತುದಿಯನ್ನು ಕತ್ತರಿಸುತ್ತವೆ. ಹಾಗೆ ತುಂಡಾದ ಸಾಲನ್ನು ಕೋರ್ಸ್ ಮತ್ತೆ ಓದಲಾರದು. ಇಷ್ಟೆಲ್ಲ ಆಗುವಾಗಲೂ ಪರದೆಯ ಮೇಲೆ ಯಾವ ಸೂಚನೆಯೂ ಬರದಿರಬಹುದು ಎಂಬುದೇ ಇದರ ಅಪಾಯ. ಪ್ರಿವ್ಯೂನಲ್ಲಿ ಎಲ್‌ಎಂಎಸ್ ಇಲ್ಲದಿರುವುದರಿಂದ ಅಲ್ಲಿ ಇದು ಎಂದಿಗೂ ಗೋಚರಿಸುವುದಿಲ್ಲ.

ಸ್ಕಾರ್ಮ್ 2004ಕ್ಕೆ ಬದಲಾಯಿಸಿದರೆ ಸಾಕೆಂದು ಭಾವಿಸುವವರು ಆವೃತ್ತಿಯನ್ನು ಗಮನಿಸಲೇಬೇಕು: ಎರಡನೆಯ ಆವೃತ್ತಿಯ ಮಿತಿ 4000 ಅಕ್ಷರಗಳು, ಅಂದರೆ 1.2ಕ್ಕಿಂತಲೂ ಕಡಿಮೆ, 64,000 ಅಕ್ಷರಗಳ ಅವಕಾಶ ಬಂದದ್ದು ಮೂರನೆಯದರಲ್ಲಿ. ನಮ್ಮ ಎಲ್‌ಎಂಎಸ್ ಮೂರನೆಯದನ್ನಾಗಲಿ ಅದರ ನಂತರದ್ದನ್ನಾಗಲಿ ಸ್ವೀಕರಿಸುತ್ತಿರಲಿಲ್ಲ.

ಆಗ ಮಾಡಿದ ಎರಡನೆಯ ತಪ್ಪು ಮೊದಲನೆಯದಕ್ಕಿಂತ ದೊಡ್ಡದು. ಸ್ಲೈಡ್‌ಗಳನ್ನು ಕಡಿಮೆ ಮಾಡಿ, ಅವಸರದಲ್ಲಿ ಮರುಪಬ್ಲಿಶ್ ಮಾಡಿ, ಹಳೆಯ ಪ್ಯಾಕೇಜಿನ ಜಾಗದಲ್ಲೇ ಹೊಸದನ್ನು ಇರಿಸಿದೆ. ಅರ್ಧ ದಾರಿಯಲ್ಲಿದ್ದವರ ಉಳಿಸಿದ ಸ್ಥಿತಿ ಹಳೆಯ ರಚನೆಗೆ ಸೇರಿದ್ದು ಹೊಸದಕ್ಕೆ ಹೊಂದಲಿಲ್ಲ. ಅದುವರೆಗೆ ತೊಂದರೆಯಿಲ್ಲದೆ ಸಾಗಿದ್ದವರೂ ಸಿಕ್ಕಿಕೊಂಡರು. ಜನರು ಕಲಿಯುತ್ತಿರುವಾಗ ಪ್ಯಾಕೇಜನ್ನು ಬದಲಾಯಿಸದೆ, ತಿದ್ದಿದ್ದನ್ನು ಪ್ರತ್ಯೇಕ ಕೋರ್ಸಾಗಿ ಏರಿಸಿ, ಹಳೆಯದನ್ನು ಆರಂಭಿಸಿದವರಿಗೆ ಅಲ್ಲೇ ಮುಗಿಸಲು ಬಿಡುವುದು ಎಷ್ಟೋ ಮೇಲು.

ಈಗ ನಾನು ಪ್ರತಿ ವಿಷಯಕ್ಕೂ ಬೇರೆ ಬೇರೆ ಚಿಕ್ಕ ಪ್ಯಾಕೇಜ್ ಮಾಡುತ್ತೇನೆ. ಮರಳಿ ಬಂದಾಗ ನೆನಪಿರಬೇಕಾದ ಅಗತ್ಯವಿಲ್ಲದ ಸ್ಲೈಡ್‌ಗಳನ್ನು ಆರಂಭಿಕ ಸ್ಥಿತಿಗೆ ಮರಳುವಂತೆ ಹೊಂದಿಸುತ್ತೇನೆ. ಕಲಿಯುವವರು ದೀರ್ಘವಾಗಿ ಟೈಪ್ ಮಾಡಬೇಕಾದ ಪೆಟ್ಟಿಗೆಗಳನ್ನು ಆದಷ್ಟು ಕಡಿಮೆ ಬಳಸುತ್ತೇನೆ. ಬಿಡುಗಡೆಗೆ ಮುನ್ನ, ನಿಜವಾದ ಎಲ್‌ಎಂಎಸ್‌ನಲ್ಲೇ ಪ್ರತಿಯೊಂದು ಲೇಯರನ್ನೂ ತೆರೆದು, ಪ್ರತಿ ಪ್ರಶ್ನೆಗೂ ಉತ್ತರಿಸಿ, ಕೊನೆಯ ಸ್ಲೈಡಿಗೆ ಸ್ವಲ್ಪ ಮೊದಲು ಕಿಟಕಿಯನ್ನು ಮುಚ್ಚಿ, ಮರುದಿನ ಮತ್ತೆ ತೆರೆದು ನೋಡುತ್ತೇನೆ.