ಹೆಣಿಗೆ ಕೆತ್ತನೆಗೆ ಅಹೆನಿಯೋ, ಮೊನಾಸ್ಟರ್‌ಬಾಯ್ಸೋ?

ಐರ್ಲೆಂಡಿನಲ್ಲಿ ಕಲ್ಲಿನ ಶಿಲುಬೆ ನೋಡಲು ಒಂದೇ ದಿನ ಬಿಡುವಿದ್ದರೆ, ಹೆಚ್ಚಿನವರು ಡಬ್ಲಿನ್‌ನ ಉತ್ತರಕ್ಕಿರುವ ಮೊನಾಸ್ಟರ್‌ಬಾಯ್ಸ್‌ಗೆ ಹೋಗುತ್ತಾರೆ. ದಾರಿ ಹತ್ತಿರ, ಹೆಸರೂ ದೊಡ್ಡದು. ಅಲ್ಲಿನ ಮ್ಯೂರೆಡಾಕ್ ಶಿಲುಬೆ ಐದು ಮೀಟರಿಗೂ ಎತ್ತರ. ಪೂರ್ವಮುಖದ ನಡುವೆ ಅಂತಿಮ ತೀರ್ಪು, ಪಶ್ಚಿಮಮುಖದಲ್ಲಿ ಶಿಲುಬೆಗೇರಿದ ಯೇಸು. ಬೈಬಲ್ ಕಥೆಗಳೇ ಬೇಕೆಂದರೆ ಇದಕ್ಕೆ ಸಾಟಿಯಿಲ್ಲ. ಆದರೆ ಹೆಣಿಗೆಗೆ, ಅಂದರೆ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಂತೆ ಕೆತ್ತುವ ಅಲಂಕಾರಕ್ಕೆ, ಇಲ್ಲಿ ಸಿಕ್ಕಿರುವುದು ಮುಖ್ಯವಾಗಿ ಶಿಲುಬೆಯ ಎರಡು ಪಕ್ಕಗಳ ಜಾಗ. ಶಿಲುಬೆಯ ತೋಳಿನ ಕೆಳಗೆ ತಲೆಯೆತ್ತಿ ನೋಡಿ: ದೇವರ ಕೈ, ಅದರ ಬಳಿ ಶಿಲುಬೆಯ ತೋಳುಗಳನ್ನು ಕೂಡಿಸುವ ಕಲ್ಲಿನ ಉಂಗುರದಡಿಯಲ್ಲಿ ಮನುಷ್ಯರ ತಲೆಗಳನ್ನು ಸುತ್ತಿಕೊಂಡ ಹಾವುಗಳು. ಬಹುಪಾಲು ಪ್ರವಾಸಿಗರು ಇದನ್ನು ನೋಡದೆಯೇ ಮರಳುತ್ತಾರೆ.

ಟಿಪ್ಪರರಿ ಕೌಂಟಿಯ ಅಹೆನಿಯದು ಬೇರೆಯೇ ಲೆಕ್ಕ. ಕ್ಯಾರಿಕ್-ಆನ್-ಶೂರ್ ಊರಿನ ಉತ್ತರಕ್ಕೆ, ಒಂದು ಸ್ಮಶಾನದಲ್ಲಿ ಎರಡು ಮರಳುಗಲ್ಲಿನ ಶಿಲುಬೆಗಳಿವೆ; ಸಾಮಾನ್ಯವಾಗಿ 8-9ನೇ ಶತಮಾನದವೆನ್ನುತ್ತಾರೆ, ಅಂದರೆ ಮ್ಯೂರೆಡಾಕ್‌ಗಿಂತ ಹಳೆಯವು. ಮನುಷ್ಯರೂ ಕುದುರೆಗಳೂ ಪೀಠದಲ್ಲಷ್ಟೇ. ಮೇಲೆಲ್ಲ ಸುರುಳಿ, ಹೆಣಿಗೆ. ಅಂಚಿನಲ್ಲಿ ಹಗ್ಗದಂತೆ ಹೊಸೆದ ಪಟ್ಟಿ, ತೋಳುಗಳ ಮೇಲೆ ಉಬ್ಬಿದ ಗುಬುಟುಗಳು. ಮರಕ್ಕೆ ಲೋಹದ ತಗಡು ಹೊದಿಸಿ ಮೊಳೆ ಬಡಿದಂತಿರುವ ಈ ರೂಪ ಅಕ್ಕಸಾಲಿಗರ ಕೆಲಸವನ್ನು ಕಲ್ಲಿನಲ್ಲಿ ಅನುಸರಿಸಿದ್ದೆಂಬುದು ವಿದ್ವಾಂಸರ ಅಭಿಪ್ರಾಯ. ಒಂದು ಎಳೆಯನ್ನು ಹಿಡಿದು ಕಣ್ಣಾಡಿಸಿ: ಒಮ್ಮೆ ಮೇಲೆ, ಒಮ್ಮೆ ಕೆಳಗೆ, ನಮ್ಮ ಎಳೆ ರಂಗೋಲಿಯ ಹಾಗೆ ಸಾಗುತ್ತದೆ.

ಮಳೆಗಾಳಿಗೆ ಎರಡೂ ಕಡೆ ಗೆರೆಗಳು ಸವೆದಿವೆ. ನಡುಹಗಲಲ್ಲಿ ಹೋದರೆ ಅಹೆನಿ ಸಪ್ಪೆಯೆನಿಸಬಹುದು. ಓರೆ ಬಿಸಿಲಿನಲ್ಲಿ ಹೋಗಿ. ಕಾರಿಲ್ಲದವರಿಗೆ ಮೊನಾಸ್ಟರ್‌ಬಾಯ್ಸೇ ಸುಲಭ. ಹೆಣಿಗೆಯನ್ನೇ ನೋಡಬೇಕೆಂದು ಹೊರಟವರಿಗೆ ನಾನು ಹೇಳುವುದು ಅಹೆನಿ.