ಹರಿದ ಆಟದ ಪ್ಯಾರಾಚೂಟಿಗೆ ರಿಪ್‌ಸ್ಟಾಪ್ ಟೇಪ್: ಬಳಸಿದವಳ ಮಾತು

ಶಾಲೆಯ ಆಟದ ಪ್ಯಾರಾಚೂಟ್ ಹರಿಯಿತು ಅಂತ ಮೂಲೆಗೆ ಹಾಕಬೇಡಿ. ಒಂದು ರೋಲ್ ರಿಪ್‌ಸ್ಟಾಪ್ (ಹರಕು ಮುಂದೆ ಓಡದ ಹಾಗೆ ನೇಯ್ದ) ನೈಲಾನ್ ಟೇಪ್ ತರಿಸಿಕೊಳ್ಳಿ. ನಾನು ಬೆಳಗಾವಿಯ ವಡಗಾವಿ ಕಡೆ ಒಂದು ಪ್ರಾಥಮಿಕ ಶಾಲೆಯಲ್ಲಿ ದೈಹಿಕ ಶಿಕ್ಷಕಿ. ಕಳೆದ ಜೂನ್‌ನಲ್ಲಿ ಹಚ್ಚಿದ ತೇಪೆ ಈಗಲೂ ಗಟ್ಟಿಯಾಗಿದೆ, ಅದಕ್ಕೇ ಇಷ್ಟು ಧೈರ್ಯದಿಂದ ಹೇಳುತ್ತಿದ್ದೇನೆ.

ನಮ್ಮದು ಆರು ಮೀಟರ್ ಅಗಲದ ಬಣ್ಣಬಣ್ಣದ ದುಂಡು ಪ್ಯಾರಾಚೂಟ್. ಸುತ್ತಲೂ ಹಿಡಿಕೆಗಳಿವೆ. ಮಕ್ಕಳು ಸುತ್ತ ನಿಂತು ಒಟ್ಟಿಗೆ ಎತ್ತಿದರೆ ಗುಮ್ಮಟದ ಹಾಗೆ ಉಬ್ಬುತ್ತದೆ. ಚಿಕ್ಕವರು ಕೆಳಗಿಂದ ನುಸುಳಿ ಓಡುತ್ತಾರೆ. ಯಾರ ಜೊತೆಗೂ ಸೇರದೆ ಒಂದು ಕಡೆ ನಿಲ್ಲುವ ಮಗು ಕೂಡ ಈ ಆಟಕ್ಕೆ ಬಂದು ಹಿಡಿಕೆ ಹಿಡಿಯುತ್ತದೆ. ಬೇರೆ ಯಾವ ಆಟದಲ್ಲೂ ನಾನು ಇದನ್ನು ಕಂಡಿಲ್ಲ. ಅಂಥದ್ದು ಒಬ್ಬಳ ಕಾಲ್ಗೆಜ್ಜೆಯ ಕೊಂಡಿಗೆ ಸಿಕ್ಕಿ ಹಳದಿ ಪಟ್ಟಿಯ ನಡುವೆ ಹರಿಯಿತು. ಒಂದು ಗೇಣು ಉದ್ದ, ತುದಿಯಲ್ಲಿ ಮೂಲೆ ತಿರುಗಿದ ಹರಕು.

ಟೇಪ್ ಸುಮಾರು ಐದು ಸೆಂಟಿಮೀಟರ್ ಅಗಲ. ಒಂದು ಕಡೆ ನೈಲಾನ್ ಬಟ್ಟೆ, ಇನ್ನೊಂದು ಕಡೆ ಅಕ್ರಿಲಿಕ್ ಅಂಟು, ಅದರ ಮೇಲೆ ಕಾಗದ. ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ಚೌಕ ಕಾಣುತ್ತವೆ. ಪಕ್ಕದ ಮನೆಯ ಕಾಕಾ ಮಗ್ಗ ನಡೆಸುವವರು. ಅವರಿಗೆ ತೋರಿಸಿದೆ. ಟೇಪನ್ನು ಬೆರಳಲ್ಲಿ ಉಜ್ಜಿ, ಕಣ್ಣ ಹತ್ತಿರ ಹಿಡಿದು, ಆಮೇಲೆ ಪ್ಯಾರಾಚೂಟಿನ ಅಂಚು ಮುಟ್ಟಿ ನೋಡಿದರು. "ಅಕ್ಕಾರ, ಟೇಪಿನ್ಯಾಗ ನಡುನಡುವ ದಪ್ಪ ಎಳಿ ಹಾಕ್ಯಾರ, ಹಾಸಿಗೂ ಹೊಕ್ಕಿಗೂ. ಹರಿಯೂದು ಅಲ್ಲೇ ನಿಂದರ್ತದ. ನಿಮ್ಮ ಅರಿವಿ ಸಾದಾ ನೇಯ್ಗಿ, ಅದು ಓಡ್ತದ. ತ್ಯಾಪಿ ದೊಡ್ಡದ ಹಚ್ಚ್ರಿ" ಅಂದರು. ಮೊದಲು ಪ್ಯಾರಾಚೂಟ್ ಹೆಚ್ಚಾಗಿ ರೇಷ್ಮೆಯದು ಇರುತ್ತಿತ್ತು, ಎರಡನೇ ಮಹಾಯುದ್ಧದ ಹೊತ್ತಿಗೆ ನೈಲಾನ್ ಬಂತು ಅಂತ ನಾನು ಹೇಳಿದಾಗ, ರೇಷ್ಮೆ ಸೀರೆ ನೇಯ್ದ ಆ ಕಾಕಾ ಬಹಳ ಹೊತ್ತು ಅದರ ಬಗ್ಗೆಯೇ ಮಾತಾಡಿದರು.

ಅವರ ಮಾತು ನೂರಕ್ಕೆ ನೂರು ಸರಿ. ಹರಕಿನ ಆಚೆ ನಾಲ್ಕೂ ಕಡೆ ಕನಿಷ್ಠ ಒಂದು ಇಂಚು ಟೇಪ್ ಇರಲೇಬೇಕು. ಇಲ್ಲದಿದ್ದರೆ ಎಳೆತ ಬಿದ್ದಾಗ ಹರಕು ತೇಪೆಯ ಕೆಳಗಿಂದಲೇ ಮುಂದಕ್ಕೆ ಹೋಗುತ್ತದೆ. ತೇಪೆಯ ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಮಾಡಿ. ಚೂಪು ಮೂಲೆ ಮೊದಲು ಏಳುತ್ತದೆ.

ಟೇಪಿಗಿಂತ ಜಾಸ್ತಿ ಮುಖ್ಯ ಬಟ್ಟೆ ಒರೆಸುವ ಕೆಲಸ. ಮೈದಾನದ ಕೆಂಪು ಧೂಳು, ಮಕ್ಕಳ ಕೈಯ ಎಣ್ಣೆ ಎಲ್ಲ ಹೋಗಬೇಕು. ಸಾಬೂನು ನೀರಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿದೆ. ಮೊಬೈಲ್ ರಿಪೇರಿ ಮಾಡುವವರ ಹತ್ತಿರ ಇದು ಇರುತ್ತದೆ. ನಮ್ಮೂರ ಮಳೆಗಾಲದಲ್ಲಿ ನೈಲಾನ್ ಒಣಗಿದ ಹಾಗೆ ಕಂಡರೂ ತೇವ ಹಿಡಿದಿರುತ್ತದೆ, ಹಾಗಾಗಿ ಫ್ಯಾನ್ ಕೆಳಗೆ ರಾತ್ರಿಯಿಡೀ ಹರಡಿಟ್ಟಿದ್ದೆ. ಹಚ್ಚುವುದಕ್ಕೆ ಸಪಾಟಾದ ಜಾಗ ಬೇಕಲ್ವಾ, ಕೇರಂ ಬೋರ್ಡ್ ತಗೊಂಡೆ. ಅದರ ಮೇಲಿನ ಪೌಡರ್ ಮೊದಲು ಚೆನ್ನಾಗಿ ಒರೆಸಿ, ಒಂದು ಕಣ ಉಳಿದರೂ ಅಂಟು ಹಿಡಿಯುವುದಿಲ್ಲ. ಹರಕಿನ ಎರಡೂ ಅಂಚು ಎಳೆಯದೆ ಸುಮ್ನೆ ಕೂಡಿಸಿ, ಕಾಗದವನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸುತ್ತಾ ಹಚ್ಚಿ, ಸ್ಟೀಲ್ ಚಮಚದ ಬೆನ್ನಿಂದ ನಡುವಿನಿಂದ ಹೊರಗೆ ಒತ್ತಿದೆ. ಮಗುಚಿ ಹಿಂದೆಯೂ ಒಂದು ತೇಪೆ. ಆಮೇಲೆ ಒಂದು ದಿನವಾದರೂ ಮುಟ್ಟಬೇಡಿ. ಈ ಅಂಟು ಪೂರ್ತಿ ಬಿಗಿಯಾಗಲು ಹೊತ್ತು ತಗೊಳ್ಳುತ್ತದೆ. ಬೇಗ ಹಿಡಿಯಲಿ ಅಂತ ಇಸ್ತ್ರಿ ಒತ್ತುವುದಂತೂ ಬೇಡವೇ ಬೇಡ, ನೈಲಾನ್ ಕರಗುತ್ತದೆ.

ಹೊಲಿಗೆ ಬಿಟ್ಟ ಕಡೆ ಮತ್ತು ಹಿಡಿಕೆಯ ಬುಡದಲ್ಲಿ ಈ ಟೇಪ್ ನಂಬಬೇಡಿ. ಅಲ್ಲಿ ಎಳೆತ ಜಾಸ್ತಿ. ನಮ್ಮ ಒಂದು ಹಿಡಿಕೆಯನ್ನು ಖಡೇ ಬಜಾರಿನ ಟೇಲರ್ ಹತ್ತಿರ ಪಾಲಿಯೆಸ್ಟರ್ ದಾರದಲ್ಲಿ ಹೊಲಿಸಿದೆ. ಟೇಪ್ ಮೇಲೆ ಹೊಲಿಯಬೇಕಾಗಿ ಬಂದರೆ ಸೂಜಿಗೆ ಅಂಟು ಮೆತ್ತುತ್ತದೆ, ಆಗಾಗ ಒರೆಸಬೇಕು ಅಂತ ಅವರಿಗೆ ಮೊದಲೇ ಹೇಳಿ. ಸಿಲಿಕೋನ್ ಲೇಪನದ ಬಟ್ಟೆಗೂ ಈ ಮಾಮೂಲಿ ಅಂಟು ಹಿಡಿಯುವುದಿಲ್ಲ, ಅದಕ್ಕೆ ಬೇರೆ ಟೇಪ್ ಬರುತ್ತದೆ. ಇನ್ನು ಮನುಷ್ಯರು ಹಾರುವ ಪ್ಯಾರಾಚೂಟನ್ನು ಮನೆಯಲ್ಲಿ ಮುಟ್ಟಲೇಬಾರದು, ಅದು ರಿಗ್ಗರ್‌ಗಳ, ಅಂದರೆ ಪ್ಯಾರಾಚೂಟ್ ಮಡಚಿ ರಿಪೇರಿ ಮಾಡಲು ತರಬೇತಿ ಪಡೆದವರ ಕೆಲಸ.

ನನ್ನ ದೂರು ಎರಡೇ. ಹಿಂದಿನ ಕಾಗದ ಬಿಡಿಸಲು ಉಗುರು ಸವೆಯುತ್ತದೆ. ಬಣ್ಣವೂ ಹೊಂದಲಿಲ್ಲ, ಹಳದಿ ಅಂತ ತರಿಸಿದ್ದು ಕಿತ್ತಳೆಗೆ ಹತ್ತಿರ ಬಂತು. ಮಕ್ಕಳು ಈಗ ಆ ತೇಪೆಯನ್ನೇ ಗುರಿ ಮಾಡಿ ಚೆಂಡು ಉರುಳಿಸುತ್ತಾರೆ, ನನಗೆ ಅದೂ ಇಷ್ಟ. ಡಕ್ಟ್ ಟೇಪ್ ಅಗ್ಗ ನಿಜ, ಆದರೆ ಬಿಸಿಲಿಗೆ ಅದರ ಅಂಟು ಕರಗಿ ಬಟ್ಟೆಗೆಲ್ಲ ಜಿಗುಟು ಹಿಡಿಯುತ್ತದೆ. ಮಡಚಿದಾಗ ಸೆಟೆದು ನಿಲ್ಲುತ್ತದೆ. ರಿಪ್‌ಸ್ಟಾಪ್ ಟೇಪ್ ಬಟ್ಟೆಯ ಜೊತೆ ಬಟ್ಟೆಯಾಗಿ ಮಡಚಿಕೊಳ್ಳುತ್ತದೆ.

ಕೊಳ್ಳುವಾಗ ಅಗಲದ ರೋಲನ್ನೇ ನೋಡಿ, ಬೇಕಾದ ಅಳತೆಗೆ ಕತ್ತರಿಸಬಹುದು. ಜನವರಿಯಲ್ಲಿ ನಮ್ಮೂರ ಗಾಳಿಪಟ ಉತ್ಸವ ನೋಡಿ ನೈಲಾನ್ ಪಟ ಕೊಂಡವರಿಗೂ ಇದೇ ಟೇಪ್ ಆಗುತ್ತದೆ. ಉಳಿದದ್ದನ್ನು ಧೂಳು, ತೇವ ಸೋಕದ ಹಾಗೆ ಡಬ್ಬಿಯಲ್ಲಿ ಮುಚ್ಚಿಡಿ.